ಅಪ್‌ಡೇಟ್: ಕಸೂತಿ ಅಂಗಡಿ ಮುಚ್ಚಿಲ್ಲ, ದರಾನೂ ಇಳಿಸಿಲ್ಲ

ಮಷೀನ್ ಕಸೂತಿ ಸೋವಿಯಾಗಿ ಸಿಗೂವಾಗ ನನ್ನ ಕೈಕೆಲಸಕ್ಕ ಇಷ್ಟು ರೊಕ್ಕ ಕೇಳೂವಷ್ಟು ಯೋಗ್ಯತಾ ನನಗದನ, ಧಾರವಾಡದಾಗಿನ ಈ ಸಣ್ಣ ಅಂಗಡಿ ಮುಚ್ಚಲ್ಯಾ ಅಂತ ಕೇಳಿದ್ದೆ. ಮುಚ್ಚಿಲ್ರಿ.

ಸೀರಿ ಹಿಂಬದಿ ಫೋಟೋನೂ ಹಾಕ್ರಿ ಅಂತ ನಿಮ್ಮೊಳಗ ಒಬ್ಬರು ಹೇಳಿದ್ರಲ್ಲ, ಅದ ಕೆಲಸಕ್ಕ ಬಂತು. ಕಸೂತಿಯೊಳಗಿನ ಗವಂತಿ, ಮುರ್ಗಿ ಅನ್ನೂ ಹೊಲಿಗಿ ಬಟ್ಟಿಯ ಎರಡೂ ಕಡೆ ಒಂದ ನಮೂನಿ ಕಾಣ್ತಾವ. ದಾರಕ್ಕ ಗಂಟಿಲ್ಲ, ಮೊದಲ ಚಿತ್ರದ ಅಚ್ಚು ಒತ್ತೂದಿಲ್ಲ, ಬಟ್ಟಿ ಎಳಿ ಎಣಿಸಿನ ಗೋಪುರ, ತೇರು ಮೂಡಿಸಬೇಕು. ಮಷೀನಿಂದು ತಿರುವಿದ್ರ ಬರೇ ದಾರದ ಸಿಕ್ಕು. ಎರಡೂ ಬಾಜೂ ಬಾಜೂ ಇಟ್ಟು ತೋರಿಸಿದ ಮ್ಯಾಲೆ ಚೌಕಾಶಿ ಕಮ್ಮಿ ಆತು. (ನಮ್ಮತ್ತಿ ಮಾತ್ರ ಇನ್ನೂ ‘ಇಷ್ಟ್ಯಾಕವಾ?’ ಅಂತಾರ.)

ದರ ಹೇಳೂವಾಗ ಈಗೂ ಗಂಟಲು ಒಣಗ್ತದ. ಅದಕ್ಕ ಬರದ ಕಳಸ್ತೀನಿ. ಪೂರ್ತಿ ಸೀರಿಗೆ ಅರ್ಧಾ ಅಡ್ವಾನ್ಸ್ ಬರೂತನಕ ಸೂಜಿ ಹಿಡಿಯಂಗಿಲ್ಲ. ಸದ್ಯಕ್ಕ ಜಂಪರ್ ಆರ್ಡರ್‌ಗಳ ಜಾಸ್ತಿ.