ಮಾಗಡಿ ಕೆರಿಯ ಹೆಬ್ಬಾತು, ಎರಿ ಹೊಲದ ಕುಸುಬಿ: ಬಿಳಿ ಸುಡ್ತದ, ಕೇಸರಿ ಕಲಸ್ತದ, ಎಡಿಟಿಂಗ್‌ಗೆ ದಾರಿ ಹೇಳ್ರಿ

ಪ್ರಶ್ನೆ: ಸಾಧನಕೇರಿ ದಂಡಿ, ಧಾರವಾಡ

ನಮಸ್ಕಾರ್ರಿ ಎಲ್ಲಾರಿಗೂ. ಗದಗ ಜಿಲ್ಲಾದ ಮಾಗಡಿ ಕೆರಿಯ ಪಟ್ಟೆತಲೆ ಹೆಬ್ಬಾತು, ಎರಿ (ಕಪ್ಪು ಮಣ್ಣಿನ) ಹೊಲದ ಕುಸುಬಿ ಹೂ, ಇವೆರಡೂ ಕೂಡಿಸಿ ಹತ್ತು ಚಿತ್ರದ ಒಂದು ಮಾಲಿಕಿ ಮಾಡೂದದ. ಕ್ಯಾಮೆರಾ ಕ್ಯಾನನ್ 90ಡಿ, ಹಕ್ಕಿಗೆ 150-600 ಲೆನ್ಸ್, ಹೂವಿಗೆ 100 ಎಂಎಂ ಮ್ಯಾಕ್ರೊ. ಎಲ್ಲಾ ರಾ ಫೈಲ್ (ಕ್ಯಾಮೆರಾ ಹಿಡದ ಕಚ್ಚಾ ಮಾಹಿತಿ) ಅದಾವ. ಎಡಿಟಿಂಗ್‌ಗೆ ಡಾರ್ಕ್‌ಟೇಬಲ್ ಮತ್ತ ಗಿಂಪ್ ಅನ್ನೂ ತಂತ್ರಾಂಶ.

ಮೂರು ಕಡೆ ಕೆಲಸ ನಿಂತದ. ಬಾತಿನ ತಲಿ ಸುಣ್ಣ ಬಡದಂಗ ಬೆಳ್ಳಗಾಗೇದ, ಗರಿ ಒಂದೂ ಕಾಣಂಗಿಲ್ಲ (ಬೆಳಿಗ್ಗೆ 11ರ ಬಿಸಿಲು, ಲೆನ್ಸಿನ ತೆರಪು ಎಫ್/6.3, ಶಟರ್ 1/2000 ಸೆಕೆಂಡ್, ಬೆಳಕಿನ ಸೂಕ್ಷ್ಮತಾ ಅಂದ್ರ ಆಟೊ ಐಎಸ್‌ಒ 640ಕ್ಕ ಹೋಗೇದ). ಫೋಕಸ್ ಪಾಯಿಂಟ್ ಕಣ್ಣಿನ ಮ್ಯಾಲ ಇದ್ರೂ ಅಂಚೆಲ್ಲಾ ಮೆತ್ತಗ. ಕುಸುಬಿ ಹೂವಿನ ಎಸಳು ಬಿಡಿಬಿಡಿ ಕಾಣೂ ಬದಲು ಒಂದು ಕೇಸರಿ ಉಂಡಿ ಆಗೇದ.

ಇನ್ನು ಕಲ್ಪನೆಯ ಕೆಲಸ. ಬಾತಿನ ಆಕಾರದ ಒಳಗ ಹೂವು ತುಂಬೂದು, ಹಾರಾಟದ ಸಾಲು ಒಂದ ಫ್ರೇಮಿನಾಗ ತರೂದು. ನಮ್ಮ ಸೀಮಿಯ ಗುರುತು ಇರೋ ಬ್ಯಾರೆ ಏನಾದ್ರೂ ಹೊಳದ್ರ ಅದನ್ನೂ ಹೇಳ್ರಿ.

ಉತ್ತರ 1: ಬೆಳವಲ ನೋಟ, ಗದಗ

ಮೊದಲು ಅಂಚು ಮೆತ್ತಗಾಗೂದರ ಮಾತು, ಯಾಕಂದ್ರ ಎಡಿಟಿಂಗಿನ್ಯಾಗ ಸರಿ ಆಗದ ತಪ್ಪು ಇದೊಂದ. ಇದು ಫೋಕಸಿನ ದೋಷ ಅನಸಂಗಿಲ್ರಿ, ಬಿಸಿಲಿನ ಝಳ. ಎರಿ ಮಣ್ಣು ಲಗೂನ ಕಾಯ್ತೈತಿ, ಕೆರಿ ನೀರು ತಣ್ಣಗ ಇರ್ತೈತಿ. ಕಾದ ಗಾಳಿ, ತಣ್ಣನ ಗಾಳಿ ಒಂದರಾಗೊಂದು ಕಲಿಯೂ ಮುಂದ ಬೆಳಕು ಅಲ್ಲಲ್ಲೆ ಬಾಗ್ತೈತಿ. 600 ಎಂಎಂದಾಗ ದೂರದ ಹಕ್ಕಿ ಹಿಡದ್ರ ನಡುವಿನ ಅಷ್ಟೂ ಗಾಳಿಯ ನಡುಕ ಚಿತ್ರದಾಗ ಬರ್ತೈತಿ.

ಖಾತ್ರಿ ಮಾಡ್ಕೊಳ್ಳಾಕ ಒಂದ ಬರ್ಸ್ಟ್‌ನ (ಬಟನ್ ಒತ್ತಿ ಹಿಡದು ಪಟಪಟ ತಗದ ಸಾಲಿನ) ಹತ್ತು ಫ್ರೇಮ್ 100%ಗೆ ಹಿಗ್ಗಿಸಿ ಸಾಲಾಗಿ ನೋಡ್ರಿ. ಕೊಕ್ಕಿನ ಅಂಚು ಒಂದೊಂದರಾಗ ಒಂದೊಂದು ನಮೂನಿ ಸೊಟ್ಟಗಿದ್ರ ಅದು ಝಳ. ಎಲ್ಲಾದರಾಗೂ ಒಂದ ಥರ ಮೆತ್ತಗಿದ್ದು, ಹಕ್ಕಿಯ ಮುಂದಿನ ಅಥವಾ ಹಿಂದಿನ ನೀರಿನ ತೆರಿ ಚೂಪಾಗಿದ್ರ ಫೋಕಸ್ ತಪ್ಪೇತಿ. ಎಲ್ಲಾ ಒಂದ ದಿಕ್ಕಿಗೆ ಎಳದಂಗಿದ್ರ ಕೈ ನಡುಗೇತಿ. ಝಳ ಇದ್ರ ಶಾರ್ಪನಿಂಗ್ (ಅಂಚು ಚೂಪು ಮಾಡೂದು), ಡಿಹೇಜ್ (ಮಂಜು ತಗಿಯೂದು) ಎರಡೂ ಮುಟ್ಟಬ್ಯಾಡ್ರಿ, ಸೊಟ್ಟ ಅಂಚು ಇನ್ನಷ್ಟು ಗಟ್ಟಿಯಾಗಿ ಕಾಣ್ತೈತಿ. ಅಂಥ ಫೋಟೋ ಸಣ್ಣ ಸೈಜಿಗೆ, ಇಲ್ಲಾ ಕೆಳಗ ಯಾರರೆ ಹೇಳೂ ಕಲ್ಪನಾ ಚಿತ್ರಕ್ಕ ಇಟ್ಕೊಳ್ರಿ.

ಮುಂದಿನ ಸಲ ಒಂಬತ್ತರೊಳಗ ಕೆಲಸ ಮುಗೀಬೇಕು. ಕಾರಿನ ಕಿಡಕಿಯಿಂದ ತಗಿಯೂದಿದ್ರ ಹತ್ತು-ಹದಿನೈದು ನಿಮಿಷ ಮೊದಲ ಎಲ್ಲಾ ಗ್ಲಾಸ್ ಇಳಿಸಿ ಎಂಜಿನ್ ಬಂದ್ ಮಾಡ್ರಿ, ಒಳಗಿನ ಗಾಳಿ ಹೊರಗಿನಷ್ಟ ಆಗ್ಲಿ. ಇಲ್ಲಂದ್ರ ಲೆನ್ಸಿನ ಬಾಯಿ ಮುಂದನ ಝಳ ಹುಟ್ಟತೈತಿ. ನೆಲಕ್ಕ ಹತ್ತಿ ತಗದ ಕೋನ ಚಂದ ಖರೆ, ಆದ್ರ ಅದು ಬೆಳಿಗ್ಗೆ ಅಷ್ಟ. ಬಿಸಿಲು ಏರಿದ ಮ್ಯಾಲ ನೆಲದ ಹತ್ರನ ನಡುಕ ಭಾಳ, ಆಗ ಕೆರಿ ಏರಿ ಮ್ಯಾಲಿಂದ ತಗದ್ರ ಸ್ವಲ್ಪ ಪಾಡ.

ಈಗ ಬಿಳಿ ತಲಿ. ನೀರು ಕಪ್ಪಗಿತ್ತು, ಕ್ಯಾಮೆರಾ ಅದನ್ನ ನೋಡಿ ಬೆಳಕು ಏರಿಸೇತಿ. ತೆರಪು ಬಿಸಿಲಿನ್ಯಾಗ ಎಫ್/6.3, 1/2000 ಇದ್ರ ಐಎಸ್‌ಒ 250-320 ಸಾಕು. ನಿಮ್ಮದು 640, ಅಂದ್ರ ಒಂದು ಸ್ಟಾಪ್ (ಬೆಳಕು ಎರಡು ಪಟ್ಟು) ಜಾಸ್ತಿ. ಬಿಳಿ ಹಕ್ಕಿಗೆ ಪೂರಾ ಮ್ಯಾನ್ಯುವಲ್ ಇಡ್ರಿ. ಮೊದಲ ಒಂದು ಫೋಟೋ ತಗದು ಹೈಲೈಟ್ ಅಲರ್ಟ್ (ಸುಟ್ಟ ಬಿಳಿ ಮಿಣುಕಿಸಿ ತೋರಸೂ ಎಚ್ಚರಿಕಿ) ನೋಡಿ, ತಲಿ ಮಿಣುಕೂದು ನಿಲ್ಲೂತನಕ ಐಎಸ್‌ಒ ಇಳಸ್ರಿ. ಬೆನ್ನಿನ ಬೂದಿ ಬಣ್ಣ ಕಪ್ಪಾತು ಅಂತ ಅಂಜಬ್ಯಾಡ್ರಿ, ನೆರಳನ್ನ ಎತ್ತಬಹುದು, ಸುಟ್ಟ ಬಿಳಿ ತಿರುಗಿ ಬರಂಗಿಲ್ಲ.

ಇರೋ ಫೈಲ್ ಕೂಡ ಬಿಟ್ಟಬಿಡಬ್ಯಾಡ್ರಿ. ಡಾರ್ಕ್‌ಟೇಬಲ್‌ನ್ಯಾಗ ರಾ ಓವರ್‌ಎಕ್ಸ್‌ಪೋಸ್ಡ್ ಸೂಚಕ (ರಾ ಫೈಲ್‌ನ್ಯಾಗ ಸುಟ್ಟ ಜಾಗ ತೋರಸೂದು) ಹಚ್ಚಿ ನೋಡ್ರಿ. ಅದು ತೋರಸಲಿಲ್ಲಂದ್ರ ವಿವರ ಒಳಗೈತಿ ಅಂತ ಅರ್ಥ: ಎಕ್ಸ್‌ಪೋಷರ್ 0.7 ಇಳಿಸಿ, ಟೋನ್ ಈಕ್ವಲೈಜರ್‌ನ್ಯಾಗ ತೀರಾ ಬೆಳಕಿನ ಎರಡು ಪಟ್ಟಿ ಅರ್ಧ ಸ್ಟಾಪ್ ತಗ್ಗಸ್ರಿ. ಸೂಚಕ ತಲಿ ತುಂಬಾ ಹತ್ತಿಕೊಂಡ್ರ ಮಾತ್ರ ಆ ಫೈಲ್ ಕೈ ಬಿಡ್ರಿ.

ಇನ್ನೊಂದು ಮಾತು. ಹೆಬ್ಬಾತು ಹೊಲದಾಗ ಮೇಯ್ದು ಬಿಸಿಲು ಏರಿದಂಗ ಕೆರಿಗೆ ತಿರುಗಿ ಬರ್ತಾವು. ಹಾರೂ ಫೋಟೋ ಬೇಕಂದ್ರ ಆ ಹೊತ್ತಿಗೆ ಕಾಯ್ರಿ. ಕೂತ ಹಿಂಡನ್ನ ಕಲ್ಲು ಒಗದು, ಚಪ್ಪಾಳಿ ಹೊಡದು ಎಬ್ಬಸೂದು, ಡ್ರೋನ್ ಬಿಡೂದು ಬ್ಯಾಡ. ಹಿಮಾಲಯ ದಾಟಿ ಬಂದ ಹಕ್ಕಿಗೆ ಅಲ್ಲೆ ಬೇಕಾಗಿದ್ದು ವಿಶ್ರಾಂತಿ. 2024ರಾಗ ರಾಮ್ಸಾರ್ ಅನ್ನೂ ಅಂತರರಾಷ್ಟ್ರೀಯ ಜೌಗು ಭೂಮಿ ಪಟ್ಟಿ ಸೇರಿದ ಕೆರಿ ಅದು.

ಉತ್ತರ 2: ಕಕ್ಕೆ ಹೂ, ಹಾವೇರಿ

ಕುಸುಬಿಯ ಬಗ್ಗೆ ಹೇಳುತ್ತೇನೆ. ಹಳದಿ, ಕೇಸರಿ, ಕೆಂಪು ಹೂಗಳಲ್ಲಿ ಕೆಂಪು ಚಾನೆಲ್ ಒಂದೇ ಮೊದಲು ತುಂಬಿ ಚೆಲ್ಲುತ್ತದೆ. ಬಿಳಿ ಹಿಸ್ಟೊಗ್ರಾಂ (ಒಟ್ಟು ಬೆಳಕಿನ ಹಂಚಿಕೆ ತೋರುವ ನಕ್ಷೆ) ನಡುವಿನಲ್ಲೇ ಇರುತ್ತದೆ, ಆದ್ದರಿಂದ ಎಲ್ಲ ಸರಿಯಿದೆ ಎನಿಸುತ್ತದೆ. ಕ್ಯಾಮೆರಾದಲ್ಲಿ ಆರ್‌ಜಿಬಿ (ಕೆಂಪು, ಹಸಿರು, ನೀಲಿ ಬೇರೆ ಬೇರೆ ತೋರುವ) ಹಿಸ್ಟೊಗ್ರಾಂ ಆರಿಸಿಕೊಂಡು ಕೆಂಪು ಗುಡ್ಡ ಬಲಗೋಡೆಗೆ ತಾಗದಂತೆ ಎಕ್ಸ್‌ಪೋಷರ್ ಇಳಿಸಿ, ಸಾಮಾನ್ಯವಾಗಿ ಮೈನಸ್ 0.7ರಿಂದ 1. ಮುತ್ತುಗದ ಹೂವಿಗೂ ಇದೇ ಲೆಕ್ಕ. ವೈಟ್ ಬ್ಯಾಲೆನ್ಸ್ (ಬಣ್ಣದ ಹೊಂದಾಣಿಕೆ) ಆಟೊದಲ್ಲಿ ಬಿಡಬೇಡಿ. ಫ್ರೇಮ್ ತುಂಬಾ ಕೇಸರಿಯಿದ್ದರೆ ಅದನ್ನು ಸರಿದೂಗಿಸಲು ಕ್ಯಾಮೆರಾ ನೀಲಿ ಬೆರೆಸುತ್ತದೆ. ಡೇಲೈಟ್‌ನಲ್ಲಿ ಕಟ್ಟಿಹಾಕಿ.

ಕುಸುಬಿಯ ಸೊಗಸಿರುವುದು ಅದು ಬಣ್ಣ ಬದಲಿಸುವುದರಲ್ಲಿ. ಹೊಸದಾಗಿ ಅರಳಿದ ಎಳೆ ಹಳದಿ, ಹಳತಾಗುತ್ತ ಕೇಸರಿ, ಬಾಡುವ ಹೊತ್ತಿಗೆ ಕೆಂಪು. ಒಂದೇ ತಲೆಯಲ್ಲಿ ಮೂರೂ ಸಿಗುತ್ತವೆ. ಒಂದೊಂದು ಎಳೆಯ ತುದಿಯೂ ಐದು ಸೀಳಾಗಿರುತ್ತದೆ. ಆ ಸೀಳು ಕಾಣಬೇಕೆಂದರೆ ನೇರ ಬಿಸಿಲು ಆಗದು. ಬಿಳಿ ಕೊಡೆಯೊಂದನ್ನು ಹೂವಿಗೂ ಸೂರ್ಯನಿಗೂ ನಡುವೆ ಹಿಡಿದರೆ ಸಾಕು, ಬೆಳಕು ಹಾಲಿನಂತೆ ಮೃದುವಾಗುತ್ತದೆ. ಎಫ್/8ರಿಂದ ಎಫ್/11, ಶಟರ್ 1/500ಕ್ಕಿಂತ ಕಡಿಮೆ ಬೇಡ. ಎಫ್/16 ದಾಟಿದರೆ 90ಡಿಯ ಸಣ್ಣ ಪಿಕ್ಸೆಲ್‌ಗಳಲ್ಲಿ ಎಲ್ಲವೂ ಮಂಕಾಗುತ್ತದೆ. ಗಾಳಿ ಕಾಡಿದರೆ ನೆಲಕ್ಕೆ ಒಂದು ಕೋಲು ಊರಿ, ಬಟ್ಟೆ ಕ್ಲಿಪ್ಪಿನಿಂದ ದಂಟನ್ನು ಹಗುರಾಗಿ ಹಿಡಿಸಿ. ಹೂವು ಕೀಳುವುದು ಬೇಡ, ಅದು ರೈತನ ಬೆಳೆ. ಹೊಲಕ್ಕಿಳಿಯುವ ಮುನ್ನ ಕೇಳಿ, ಬದುವಿನ ಮೇಲೆ ನಡೆಯಿರಿ. ತೋಳು ತುಂಬಿದ ಅಂಗಿ, ದಪ್ಪ ಪ್ಯಾಂಟು ಹಾಕಿಕೊಳ್ಳಿ, ಕುಸುಬಿಯ ಮುಳ್ಳು ತೆಳು ಬಟ್ಟೆಯನ್ನು ಲೆಕ್ಕಕ್ಕಿಡುವುದಿಲ್ಲ.

ಎಡಿಟಿಂಗ್‌ನಲ್ಲಿ ಒಟ್ಟು ಸ್ಯಾಚುರೇಷನ್ (ಬಣ್ಣದ ಗಾಢತೆ) ಏರಿಸುವುದೇ ದೊಡ್ಡ ತಪ್ಪು. ಕೇಸರಿಯ ಸ್ಯಾಚುರೇಷನ್ 10-15 ಇಳಿಸಿ, ಅದರ ಹೊಳಪನ್ನು ತುಸು ತಗ್ಗಿಸಿ, ಹಿನ್ನೆಲೆಯ ಹಸಿರನ್ನು ಮಂಕು ಮಾಡಿ. ಆಗ ಎಳೆ ಎಳೆಯೂ ಬೇರೆಯಾಗಿ ನಿಲ್ಲುತ್ತದೆ.

ಉತ್ತರ 3: ಉಣಕಲ್ ಗೀಜಗ, ಹುಬ್ಬಳ್ಳಿ

ಆಕಾರದೊಳಗ ಹೂವು ತುಂಬೂದು ಭಾಳ ಸರಳ, ಮೂಲ ಫೋಟೋ ಸರಿ ಇರಬೇಕಷ್ಟ. ಬಾತು ಪೂರಾ ಕಪ್ಪು ನೆರಳಾಗಿ, ಆಕಾಶ ಪೂರಾ ಬೆಳ್ಳಗಿರೋದು ಬೇಕು. ಸೂರ್ಯನ ಎದುರಿಗೆ ನಿಂತು ಆಕಾಶಕ್ಕ ತಕ್ಕಂಗ ಎಕ್ಸ್‌ಪೋಷರ್ ಇಟ್ಟು ತಗೀರಿ, ಪಕ್ಕದಿಂದ, ಕುತ್ತಿಗಿ ಚಾಚಿದಾಗ. ಎದುರಿಗೆ ಬರೂ ಬಾತು ನೆರಳಾದ್ರ ಬರೇ ಉಂಡಿ ಕಾಣ್ತದ.

ಗಿಂಪ್‌ನಾಗ ಲೆವೆಲ್ಸ್ (0 ಕಪ್ಪು, 255 ಬಿಳಿ) ತಗದು ಆಕಾಶ 250 ದಾಟೂಹಂಗ, ಹಕ್ಕಿ 15ರ ಕೆಳಗ ಇಳಿಯೂಹಂಗ ಮಾಡ್ರಿ. ಅದರ ಮ್ಯಾಲ ಕುಸುಬಿಯ ಲೇಯರ್ (ಪದರು) ಇಟ್ಟು ಮೋಡ್ (ಪದರು ಕೂಡೂ ರೀತಿ) ಸ್ಕ್ರೀನ್ ಮಾಡ್ರಿ. ಸ್ಕ್ರೀನ್‌ನಾಗ ಕಪ್ಪಿದ್ದಲ್ಲಿ ಮ್ಯಾಲಿನ ಚಿತ್ರ ಕಾಣ್ತದ, ಬಿಳಿ ಬಿಳಿನ ಉಳೀತದ. ಬಾತಿನ ಆಕಾರ ಬೂದಿ ಬಣ್ಣಕ್ಕ ನಿಂತ್ರ ಹೂವು ತೊಳದಂಗ ಕಾಣ್ತದ, ಅದಕ್ಕ ಲೆವೆಲ್ಸ್ ಮೊದಲು. ಹೂವಿನ ಲೇಯರ್ ತಿರುವಿ, ಎಳಿಗಳ ದಿಕ್ಕು ರೆಕ್ಕಿಯ ಗರಿ ದಿಕ್ಕಿಗೆ ಹೊಂದಸ್ರಿ. ಇಷ್ಟು ಮಾಡಿದ್ರ ಹೂವು ಅಂಟಿಸಿದಂಗ ಅಲ್ಲ, ಬೆಳದಂಗ ಕಾಣ್ತದ.

ಹಾರಾಟದ ಸಾಲಿಗೆ ಟ್ರೈಪಾಡ್, ಮ್ಯಾನ್ಯುವಲ್ ಎಕ್ಸ್‌ಪೋಷರ್, ಮೋಡ ಇಲ್ಲದ ಆಕಾಶ. ಲೆನ್ಸ್ ಅಲುಗಾಡಸದ ಬರ್ಸ್ಟ್ ಹೊಡೀರಿ, ಹಕ್ಕಿ ಫ್ರೇಮಿನ ಈ ತುದಿಯಿಂದ ಆ ತುದಿಗೆ ದಾಟಲಿ. ಮೂರಕ್ಕೊಂದು ಫ್ರೇಮ್ ಆರಿಸಿ, ಗಿಂಪ್‌ನಾಗ ಓಪನ್ ಆ್ಯಸ್ ಲೇಯರ್ಸ್ ಕೊಟ್ಟು, ತಳದ್ದೊಂದು ಬಿಟ್ಟು ಉಳಿದದ್ದಕ್ಕೆಲ್ಲಾ ಡಾರ್ಕನ್ ಓನ್ಲಿ ಮೋಡ್ ಹಾಕ್ರಿ. ಎಲ್ಲಾ ಫ್ರೇಮಿನ ಹಕ್ಕಿ ಒಂದ ಆಕಾಶದಾಗ ಸಾಲಾಗಿ ನಿಲ್ತಾವ.

ಪ್ರಶ್ನೆ ಕೇಳಿದವರು: ಸಾಧನಕೇರಿ ದಂಡಿ

ಮೂವರಿಗೂ ಉಪಕಾರ ಆತ್ರಿ. ರಾ ಸೂಚಕ ತಲಿ ಮ್ಯಾಲ ಹತ್ತಲಿಲ್ಲ, ಗರಿ ತಿರುಗಿ ಬಂದ್ವು. ಹಳೇ ಬರ್ಸ್ಟ್ ಒಂದಕ್ಕ ಡಾರ್ಕನ್ ಓನ್ಲಿ ಹಾಕಿದ್ರ ಬಾತಿನ ಮೈ ಬಂತು, ತಲಿ ಮಾಯ ಆತು. ಯಾಕ್ರಿ?

ಉತ್ತರ 4: ಉಣಕಲ್ ಗೀಜಗ, ಹುಬ್ಬಳ್ಳಿ

ಆ ಮೋಡ್ ಪ್ರತಿ ಜಾಗಕ್ಕ ಕಪ್ಪಿದ್ದದ್ದನ್ನ ಆರಸ್ತದ. ನೀಲಿ ಆಕಾಶಕ್ಕಿಂತ ಬಿಳಿ ತಲಿ ಬೆಳಕಿಂದು, ಅದಕ್ಕ ಆಕಾಶ ಗೆಲ್ತದ. ಎರಡು ದಾರಿ ಅವ. ಪ್ರತಿ ಫ್ರೇಮಿನ ತಲಿಯಷ್ಟ ಲಾಸ್ಸೊದಿಂದ (ಕೈಯಿಂದ ಗೆರಿ ಎಳದು ಆರಿಸೂ ಸಾಧನ) ಆರಿಸಿ, 5 ಪಿಕ್ಸೆಲ್ ಫೆದರ್ ಕೊಟ್ಟು (ಅಂಚು ಮೆತ್ತಗ ಮಾಡಿ) ಮ್ಯಾಲ ನಾರ್ಮಲ್ ಮೋಡಿನ ಲೇಯರ್ ಮಾಡೂದು ಒಂದು. ಇಲ್ಲಾ ಸೂರ್ಯ ಹುಟ್ಟೂ ಮುಂಚಿನ ನೆರಳು ಹಾರಾಟ ಹಿಡಿಯೂದು, ಆಗ ತಲಿನೂ ಕಪ್ಪ. ಬೆಳ್ಳಕ್ಕಿ ಸಾಲಿಗೆ ಇದರ ಉಲ್ಟಾ: ಹಿಂದ ಕಪ್ಪು ಗಿಡಗಂಟಿ ಇರ್ಲಿ, ಮೋಡ್ ಲೈಟನ್ ಓನ್ಲಿ. ಯಾವ ಮೋಡ್ ಹಾಕ್ತೀರಿ ಅನ್ನೂದು ಕೆರಿ ದಂಡಿ ಮ್ಯಾಲನ ತೀರ್ಮಾನ ಆಗಿರಬೇಕ್ರಿ.

ಉತ್ತರ 5: ಗವಂತಿ ಮುರಗಿ, ಧಾರವಾಡ

ನಮ್ಮ ಸೀಮೆಯ ಗುರುತು ಕೇಳಿದಿರಿ, ಕಸೂತಿಯನ್ನು ಬಿಟ್ಟು ಬೇರೆ ಯಾಕೆ? ಕಸೂತಿಯಲ್ಲಿ ಚಿತ್ರವನ್ನು ಬಟ್ಟೆಯ ಮೇಲೆ ಗೀಚಿಕೊಳ್ಳುವುದಿಲ್ಲ, ಎಳೆ ಎಣಿಸಿಯೇ ಹೊಲಿಯುವುದು. ಅದರ ಮೆಂತೆ ಹೊಲಿಗೆ ಅಡ್ಡಡ್ಡ ಗುಣಾಕಾರ ಚಿಹ್ನೆಯಂತಿರುತ್ತದೆ. ಫೋಟೋದ ಪಿಕ್ಸೆಲ್ಲಿಗೆ ಅದು ನೇರವಾಗಿ ಹೊಂದುತ್ತದೆ.

ಹೆಬ್ಬಾತಿನ ತಲೆ ಮತ್ತು ಕುತ್ತಿಗೆಯನ್ನು ಮಾತ್ರ ಕ್ರಾಪ್ ಮಾಡಿ. ಇಡೀ ಹಕ್ಕಿ ತೆಗೆದುಕೊಂಡರೆ ತಲೆಯ ಎರಡು ಕಪ್ಪು ಪಟ್ಟೆ ಒಂದು ಪಿಕ್ಸೆಲ್ಲಿಗೆ ಇಳಿದು ಅಳಿಸಿಹೋಗುತ್ತವೆ, ಆ ಪಟ್ಟೆಯಿಲ್ಲದೆ ಅದು ಯಾವ ಬಾತು ಎಂದೇ ತಿಳಿಯದು. ಹಿನ್ನೆಲೆ ಅಳಿಸಿ ಚಂದ್ರಕಾಳಿ ಸೀರೆಯಂತೆ ಕಪ್ಪು ತುಂಬಿ. ಪಟ್ಟೆ ಆ ಕಪ್ಪಿನಲ್ಲಿ ಕಳೆದುಹೋಗದಂತೆ ಅದಕ್ಕೆ ನೇರಳೆ ಬಣ್ಣ ಕೊಡಿ. ಗಿಂಪ್‌ನಲ್ಲಿ ಅಗಲವನ್ನು 90 ಪಿಕ್ಸೆಲ್ಲಿಗೆ ಇಳಿಸಿ, ಮೋಡ್ ಇಂಡೆಕ್ಸ್ಡ್ (ಎಣಿಸಿದಷ್ಟೇ ಬಣ್ಣ) ಮಾಡಿ, 6 ಬಣ್ಣ, ಡಿದರಿಂಗ್ (ಚುಕ್ಕಿ ಬೆರೆಸಿ ಬಣ್ಣ ತೋರಿಸುವುದು) ನನ್ (None). ಡಿದರಿಂಗ್ ಉಳಿದರೆ ಚುಕ್ಕಿ ಚೆಲ್ಲಿದಂತಾಗಿ ಹೊಲಿಗೆಯ ಶಿಸ್ತು ಕೆಡುತ್ತದೆ. ಮತ್ತೆ ಆರ್‌ಜಿಬಿಗೆ ತಂದು, ಇಂಟರ್‌ಪೊಲೇಷನ್ (ಹಿಗ್ಗಿಸುವಾಗ ನಡುವೆ ಬಣ್ಣ ಬೆರೆಸುವುದು) ನನ್ ಇಟ್ಟು ಅಗಲ 1800ಕ್ಕೆ ಹಿಗ್ಗಿಸಿ. ಈಗ ಒಂದೊಂದು ಚೌಕ 20 ಪಿಕ್ಸೆಲ್.

ಬೇರೆ ಫೈಲಿನಲ್ಲಿ 20×20ರ ಕಪ್ಪು ಚೌಕ ಮಾಡಿ, ಮೂಲೆಯಿಂದ ಮೂಲೆಗೆ 5 ಪಿಕ್ಸೆಲ್ ದಪ್ಪದ ಎರಡು ಬಿಳಿ ಗೆರೆ ಎಳೆದು ಕಾಪಿ ಮಾಡಿ. ಕ್ಲಿಪ್‌ಬೋರ್ಡ್ ತಾನಾಗಿಯೇ ಪ್ಯಾಟರ್ನ್ ಪಟ್ಟಿಯಲ್ಲಿ ಮೊದಲು ಬರುತ್ತದೆ. ಹೊಸ ಲೇಯರಿಗೆ ಅದನ್ನು ತುಂಬಿ ಮೋಡ್ ಮಲ್ಟಿಪ್ಲೈ ಮಾಡಿದರೆ ಮುಗಿಯಿತು, ಪ್ರತಿ ಚೌಕವೂ ಒಂದು ಮೆಂತೆ ಹೊಲಿಗೆ. ಝಳದಿಂದ ಮೆತ್ತಗಾದ ಫೋಟೋಗಳೂ ಇಲ್ಲಿ ಕೆಲಸಕ್ಕೆ ಬರುತ್ತವೆ, 90 ಪಿಕ್ಸೆಲ್ಲಿಗೆ ಇಳಿದಾಗ ಆ ನಡುಕ ಉಳಿಯುವುದಿಲ್ಲ. ಬಾತಿನ ಕೊಕ್ಕಿಗೆ ಕುಸುಬಿಯ ಫೋಟೋದಿಂದಲೇ ಕೇಸರಿ ಎತ್ತಿಕೊಳ್ಳಿ, ಎರಡೂ ಚಿತ್ರ ಒಂದೇ ನೂಲಿನವು ಎನಿಸುತ್ತವೆ.

ಉತ್ತರ 6: ಕಕ್ಕೆ ಹೂ, ಹಾವೇರಿ

ಕ್ಯಾಲೆಂಡರ್ ಮಾಡಿಸುವುದಿದ್ದರೆ ಒಂದು ಎಚ್ಚರ. ಆಫ್‌ಸೆಟ್ ಮುದ್ರಣದ ಶಾಯಿಯಲ್ಲಿ ಕುಸುಬಿಯ ಕೇಸರಿ ಮಂಕಾಗಿ ಇಟ್ಟಂಗಿ ಬಣ್ಣಕ್ಕೆ ತಿರುಗುತ್ತದೆ. ಮೊದಲೇ ಗಿಂಪ್‌ನಲ್ಲಿ ಸಾಫ್ಟ್ ಪ್ರೂಫ್ (ಮುದ್ರಣದ ಬಣ್ಣವನ್ನು ಪರದೆಯ ಮೇಲೆ ತೋರುವುದು) ಹಾಕಿ ನೋಡಿ, ಒಂದು ಪುಟ ಪರೀಕ್ಷೆಗೆ ತೆಗೆಸಿ. ಫೋಟೋ ಲ್ಯಾಬಿನ 12×18 ಇಂಚಿಗೆ 3600×5400 ಪಿಕ್ಸೆಲ್, ಎಸ್‌ಆರ್‌ಜಿಬಿ (ಸಾಮಾನ್ಯ ಬಣ್ಣದ ಮಾನದಂಡ) ಸಾಕು. ಕಸೂತಿ ಚಿತ್ರವನ್ನು ಆ ಅಳತೆಗೆ ಹಿಗ್ಗಿಸುವಾಗಲೂ ಇಂಟರ್‌ಪೊಲೇಷನ್ ನನ್, ಮತ್ತು ಸರಿಯಾಗಿ ಎರಡು ಪಟ್ಟು. ಒಂದೂವರೆ ಪಟ್ಟು ಮಾಡಿದರೆ ಗೆರೆಗಳು ಒಂದು ದಪ್ಪ, ಒಂದು ತೆಳುವಾಗುತ್ತವೆ.

ಜೋಡಿಸಿದ ಚಿತ್ರಗಳ ಕೆಳಗೆ "ಜೋಡಣೆ" ಎಂದು ಬರೆಯಿರಿ. ಹಾರಾಟದ ಸಾಲನ್ನು ನೋಡಿದವರು ಅಷ್ಟು ಹಕ್ಕಿ ಒಟ್ಟಿಗೆ ಇದ್ದವೆಂದು ಎಣಿಸಿಕೊಳ್ಳುತ್ತಾರೆ, ಹಕ್ಕಿ ಎಣಿಸುವವರಿಗೆ ಅದು ತಪ್ಪು ದಾಖಲೆಯಾಗುತ್ತದೆ.