ನೀರಿನ ಮೇಲೆ ನೇಲ್ ಪಾಲಿಶ್ ನಿಲ್ಲುತ್ತಿಲ್ಲ, ಯಾರಾದರೂ ಮಾಡಿದ್ದೀರಾ?

ಕೇಳಿದವರು: ಹುಬ್ಬಳ್ಳಿ, ವಿದ್ಯಾನಗರ

ನಮಸ್ಕಾರ ರೀ ಎಲ್ಲರಿಗೂ. ಬರುವ ರವಿವಾರ ನಮ್ಮ ಅಕ್ಕನ ಕುಬಸ, ಅಂದರೆ ಸೀಮಂತ ಇದೆ. ಹಸಿರು ಬಳೆ, ಇಳಕಲ್ ಸೀರೆ ಎಲ್ಲ ಆಯಿತು. ಈಗ ಉಗುರಿಗೆ ವಾಟರ್ ಮಾರ್ಬಲ್ ಮಾಡು ಅಂತ ಹಟ ಹಿಡಿದಿದ್ದಾಳೆ. ಲೋಟದ ನೀರಿನ ಮೇಲೆ ಎರಡು ಮೂರು ಬಣ್ಣದ ನೇಲ್ ಪಾಲಿಶ್ ಹನಿಸಿ, ಕಡ್ಡಿಯಿಂದ ಗೆರೆ ಎಳೆದು, ಅದರೊಳಗೆ ಬೆರಳು ಅದ್ದುತ್ತಾರಲ್ಲ, ಅದು.

ಮೂರು ದಿನದಿಂದ ನನ್ನ ಉಗುರಿನ ಮೇಲೇ ಮಾಡಿ ನೋಡುತ್ತಿದ್ದೇನೆ. ಹನಿ ಹಾಕಿದರೆ ಸೀದಾ ತಳಕ್ಕೆ ಹೋಗಿ ಸಾಬೂದಾನಿ ಕಾಳಿನ ಹಾಗೆ ಕೂರುತ್ತದೆ. ಅಪ್ಪಿತಪ್ಪಿ ಹರಡಿತು ಅನ್ನಿ, ಕಡ್ಡಿ ಇಟ್ಟ ಕೂಡಲೇ ಹಾಲಿನ ಕೆನೆ ಹಾಗೆ ಇಡಿಯಾಗಿ ಎದ್ದು ಬರುತ್ತದೆ. ಬೆರಳೆಲ್ಲ ಬಣ್ಣ, ಉಗುರಿನ ಮೇಲೆ ಮಾತ್ರ ಏನೂ ಇಲ್ಲ. ನನ್ನ ಕೈಯೇ ನಡುಗುತ್ತದೋ ಏನೋ. ಗಡಿಗೆ ನೀರನ್ನೇ ತಗೊಂಡಿದ್ದೆ, ಸ್ವಚ್ಛ ಇರುತ್ತದೆ ಅಂತ. ಮಾಡಿ ಗೆದ್ದವರು, ಸೋತವರು ಇಬ್ಬರೂ ಹೇಳಿ.

ಗದಗದಿಂದ

ಸೋತವರ ಸಾಲಿನಲ್ಲಿ ನಾನೇ ಮೊದಲು. ನಮ್ಮಲ್ಲಿ ಬೋರಿನ ನೀರು ಸವಳು. ಕೊಡದ ಒಳಗೆ ಬಿಳಿ ಪದರ ಕಟ್ಟುತ್ತದೆ. ಅದರಲ್ಲಿ ಹನಿ ಹಾಕಿದರೆ ಹರಡದೆ ಮುದುರಿಕೊಂಡು ನಿಲ್ಲುತ್ತಿತ್ತು. ಒಂದಿನ ತುಂಗಭದ್ರಾ ನೀರು ಬಂದಿತ್ತು, ಅದನ್ನೇ ಫಿಲ್ಟರ್‌ನಿಂದ ಹಿಡಿದು ಮಾಡಿದೆ. ಅದೇ ಬಾಟಲಿ, ಅದೇ ಕೈ. ಹನಿ ಚಕ್ಕಂತ ಹರಡಿತು! ಎರಡು ತಿಂಗಳು ಸುಮ್ನೆ ನನ್ನ ಕೈಗೆ ಬೈದುಕೊಂಡಿದ್ದೆ.

ಧಾರವಾಡದಿಂದ, ಮನೆಯಲ್ಲೇ ಸಣ್ಣ ಪಾರ್ಲರ್ ಇಟ್ಟವರು

ತಂಗೀ, ಕೈ ನಡುಕ ಅಲ್ಲ ಅದು. ಗಡಿಗೆ ನೀರೇ ನಿನಗೆ ಕೈ ಕೊಟ್ಟಿದ್ದು. ತಣ್ಣೀರಿನಲ್ಲಿ ಹನಿ ಹರಡುವ ಮೊದಲೇ ಬಿಗಿಯುತ್ತದೆ. ಹಾಗಂತ ಬಿಸಿ ನೀರೂ ಬೇಡ, ನೀನು ಗೆರೆ ಎಳೆಯುವುದರೊಳಗೆ ಒಣಗಿ ಹೋಗುತ್ತದೆ. ಫಿಲ್ಟರ್ ನೀರನ್ನು ರಾತ್ರಿಯೇ ಲೋಟದಲ್ಲಿ ಮುಚ್ಚಿಡು. ಮರುದಿನ ಬೆರಳು ಅದ್ದಿದರೆ ತಣ್ಣಗೂ ಅನಿಸಬಾರದು, ಬೆಚ್ಚಗೂ ಅನಿಸಬಾರದು.

ಎರಡನೇದು ಪಾಲಿಶ್. ಕಪಾಟಿನಲ್ಲಿ ವರ್ಷಗಟ್ಟಲೆ ಕೂತು ಜೋನಿಬೆಲ್ಲ ಆಗಿರುವ ಬಾಟಲಿಯನ್ನು ಮುಟ್ಟಬೇಡ. ತೆಳ್ಳಗೆ ಹರಿಯುವ ಹೊಸ ಬಾಟಲಿ ಬೇಕು. ದುಬಾರಿಯದೇ ಆಗಬೇಕು ಅಂತಿಲ್ಲ. ನಾನು ದುರ್ಗದಬೈಲಿನಲ್ಲಿ ಕೊಂಡ ಅಗ್ಗದ ಬಾಟಲಿಗಳು ಚೆನ್ನಾಗಿ ಹರಡಿವೆ, ಜಾಸ್ತಿ ದುಡ್ಡು ಕೊಟ್ಟಿದ್ದು ಮುಳುಗಿದ್ದೂ ಇದೆ. ಒಂದೊಂದು ಬಾಟಲಿಯಿಂದ ಒಂದೊಂದು ಹನಿ ಹಾಕಿ ಪರೀಕ್ಷೆ ಮಾಡು. ಹರಡಿದ್ದನ್ನು ಮಾತ್ರ ಇಟ್ಟುಕೋ. ಮ್ಯಾಟ್, ದಪ್ಪ ಮಿನುಗಿನದು, ಬೇಗ ಒಣಗುತ್ತದೆ ಅಂತ ಬರೆದದ್ದು, ಇವು ಈ ಕೆಲಸಕ್ಕೆ ಬರುವುದಿಲ್ಲ. ಜೆಲ್ ಪಾಲಿಶ್ ಅಂತೂ ಬೇಡವೇ ಬೇಡ, ಅದು ಗಟ್ಟಿಯಾಗುವುದು ಪಾರ್ಲರ್‌ನ ಯುವಿ ದೀಪದ ಬೆಳಕಿಗೆ, ಗಾಳಿಗಲ್ಲ.

ಮೊದಲು ಫ್ಯಾನ್ ಆರಿಸು. ಸೆಕೆಯಾದರೂ ಸರಿ. ಎಲ್ಲ ಬಾಟಲಿಯ ಮುಚ್ಚಳ ಸಡಿಲ ಮಾಡಿಟ್ಟುಕೋ, ನಡುವೆ ತಿರುಗಿಸುತ್ತ ಕೂತರೆ ಕೆನೆ ಕಟ್ಟುತ್ತದೆ. ಬ್ರಶ್ಶನ್ನು ನೀರಿಗೆ ಹತ್ತಿರ ಹಿಡಿ, ಬೆರಳಿನಷ್ಟು ಮೇಲೆ ಇದ್ದರೆ ಸಾಕು. ಎತ್ತರದಿಂದ ಬಿದ್ದ ಹನಿ ಮುಳುಗುತ್ತದೆ. ಮೊದಲ ಹನಿ ಅಗಲಕ್ಕೆ ಹೋಗುತ್ತದೆ. ಅದರ ನಡುವಿಗೆ ಇನ್ನೊಂದು ಬಣ್ಣ, ಅದರ ನಡುವಿಗೆ ಮತ್ತೆ ಮೊದಲಿನದು. ಐದಾರು ಹನಿಗೆ ನಿಲ್ಲಿಸು.

ಈಗ ಕಡ್ಡಿ. ಎಲ್ಲರೂ ಎಡವುವುದು ಇಲ್ಲೇ. ಹೊರಗಿನ ಬಳೆ ಮೊದಲು ಒಣಗಿರುತ್ತದೆ. ಅಲ್ಲಿಂದ ಎಳೆದರೆ ನೀನು ಹೇಳಿದ ಹಾಗೆ ಕೆನೆ ಪೂರ್ತಿ ಬರುತ್ತದೆ. ಒಂದೆರಡು ಬಳೆ ಒಳಗಿನಿಂದ ಶುರು ಮಾಡು. ಟೂತ್‌ಪಿಕ್ ಆಗಲಿ, ಕಸಬರಿಗೆ ಕಡ್ಡಿ ಆಗಲಿ, ತುದಿ ನೀರಿಗೆ ತಾಗಿಯೂ ತಾಗದ ಹಾಗೆ ಇರಬೇಕು. ಪ್ರತಿ ಗೆರೆ ಆದ ಮೇಲೆ ತುದಿ ಒರೆಸು. ಮೂರು ನಾಲ್ಕು ಗೆರೆ ಸಾಕು, ರಂಗೋಲಿ ಬಿಡಿಸುವ ಆಸೆಗೆ ಬೀಳಬೇಡ.

ಉಗುರಿಗೆ ಮೊದಲೇ ಬಿಳಿ ಬಣ್ಣ ಹಚ್ಚಿ ಪೂರ್ತಿ ಒಣಗಿಸಿರಬೇಕು. ನೀರಿನ ಮೇಲಿನ ಪದರ ತೆಳು ಇರುತ್ತದೆ, ಬಿಳಿ ಇಲ್ಲದಿದ್ದರೆ ಬಣ್ಣ ಮಂಕಾಗುತ್ತದೆ. ಉಗುರು ಕೆಳಮುಖ ಮಾಡಿ ನೀರಿಗೆ ಸಮನಾಗಿ ಅದ್ದು. ಅದ್ದಿ ಕೂಡಲೇ ಎತ್ತಬೇಡ! ಬೆರಳು ಒಳಗೇ ಇರಲಿ, ಮೇಲೆ ಉಳಿದ ಪದರವನ್ನು ಇನ್ನೊಂದು ಕಡ್ಡಿಗೆ ಸುತ್ತಿ ತೆಗೆ, ಆಮೇಲೆ ಎತ್ತು. ಇಲ್ಲದಿದ್ದರೆ ಬರುವಾಗ ಎರಡನೇ ಪದರ ಮೆತ್ತಿಕೊಂಡು ಬರುತ್ತದೆ. ಉಗುರಿನ ಮೇಲಿನ ನೀರನ್ನು ಒರೆಸಬೇಡ, ಟಿಶ್ಯೂ ಅಂಚು ತಾಗಿಸಿ ಹೀರಿಸು. ಪೂರ್ತಿ ಒಣಗಿದ ಮೇಲೆ ಟಾಪ್ ಕೋಟ್, ಅಂದರೆ ಕೊನೆಗೆ ಹಚ್ಚುವ ಬಣ್ಣವಿಲ್ಲದ ಪಾಲಿಶ್.

ಹತ್ತೂ ಬೆರಳಿಗೆ ಒಂದೂವರೆ ತಾಸು ಹಿಡಿಯುತ್ತದೆ. ಅಷ್ಟು ಹೊತ್ತು ಅಕ್ಕನಿಗೆ ಗಿರ್ಮಿಟ್ ತಿನ್ನಿಸಲು ಒಬ್ಬರನ್ನು ಪಕ್ಕದಲ್ಲಿ ಕೂರಿಸು.

ಹಾವೇರಿಯಿಂದ

ಬೆರಳಿಗೆ ಬಣ್ಣ ಹತ್ತದಂತೆ ನನ್ನ ಮಗಳು ಕಂಡುಹಿಡಿದ ಉಪಾಯ ಫೆವಿಕಾಲ್. ಉಗುರಿನ ಸುತ್ತ ಹಚ್ಚಿ, ಒಣಗಿ ಪಾರದರ್ಶಕ ಆದ ಮೇಲೆ ಅದ್ದುವುದು. ಆಮೇಲೆ ಸಿಪ್ಪೆ ಸುಲಿದ ಹಾಗೆ ಸುಲಿಯುವುದು. ಚರ್ಮ ಒಡೆದಿದ್ದರೆ ಮಾತ್ರ ಬೇಡ.

ಧಾರವಾಡದಿಂದ, ಪಾರ್ಲರ್‌ನವರು

ಫೆವಿಕಾಲ್ ಹೆಚ್ಚು ಹೊತ್ತು ನೀರಿನಲ್ಲಿದ್ದರೆ ಮತ್ತೆ ಅಂಟಂಟು ಆಗುತ್ತದೆ ರೀ. ನನ್ನ ಓಟು ಟೇಪಿಗೆ. ವ್ಯಾಸಲೀನ್ ಹಚ್ಚಿ ಅಂತ ಕೆಲವರು ಹೇಳುತ್ತಾರೆ. ನನಗೆ ಅದು ಸರಿಹೋಗಲಿಲ್ಲ. ಜಿಡ್ಡು ನೀರಿಗೆ ಇಳಿದು ಪದರ ಹರಿಯುತ್ತದೆ, ಉಗುರಿಗೆ ತಾಗಿದರೆ ಬಣ್ಣವೂ ಹಿಡಿಯುವುದಿಲ್ಲ.

ಧಾರವಾಡದಿಂದ, ಕೆಮಿಸ್ಟ್ರಿ ಮೇಷ್ಟ್ರು

ಹೆಂಡತಿ ಓದಿಸಿದಳು, ಅದಕ್ಕೆ ಬರೆಯುತ್ತಿದ್ದೇನೆ. ಪಾಲಿಶ್‌ನಲ್ಲಿ ಪದರ ಕಟ್ಟುವುದು ನೈಟ್ರೋಸೆಲ್ಯುಲೋಸ್. ಅದನ್ನು ಕರಗಿಸಿ ಇಟ್ಟಿರುವುದು ಈಥೈಲ್ ಅಸಿಟೇಟ್, ಬ್ಯುಟೈಲ್ ಅಸಿಟೇಟ್‌ನಂಥ ದ್ರಾವಕ. ನೀರಿನ ಮೇಲ್ಮೈ ಎಳೆತ ಈ ದ್ರಾವಕಗಳಿಗಿಂತ ಬಹಳ ಜಾಸ್ತಿ, ಅದಕ್ಕೇ ಹನಿಯನ್ನು ಎಲ್ಲ ಕಡೆಗೂ ಎಳೆದು ಹರಡುತ್ತದೆ. ದ್ರಾವಕ ಗಾಳಿಗೆ ಹಾರಿತೋ, ಉಳಿಯುವುದು ಹಾಳೆ. ಹಳೇ ಬಾಟಲಿಯಲ್ಲಿ ದ್ರಾವಕ ಆಗಲೇ ಹಾರಿಹೋಗಿರುತ್ತದೆ, ಹರಡುವುದಾದರೂ ಹೇಗೆ?

ಇದೇ ದ್ರಾವಕಕ್ಕೆ ಬೆಂಕಿಯೂ ಬೇಗ ಹತ್ತುತ್ತದೆ. ಒಲೆ, ದೇವರ ದೀಪದ ಹತ್ತಿರ ಕೂರಬೇಡಿ.

ಹುಬ್ಬಳ್ಳಿಯಿಂದ, ನಿವೃತ್ತ ನರ್ಸ್

ಅಕ್ಕ ಬಸುರಿ ಅಲ್ವಾ? ಹಾಗಾದರೆ ಮುಚ್ಚಿದ ಕೋಣೆ ಬೇಡ. ಕಿಟಕಿ ತೆಗೆದು ಪಡಸಾಲೆಯಲ್ಲಿ ಕೂರಿಸಿ. ಲೋಟದ ಮೇಲೆ ಮುಖ ಬಾಗಿಸುವುದು ನೀವು, ಅವರಲ್ಲ. ಗಾಳಿ ಜೋರಿದ್ದರೆ ಲೋಟಕ್ಕೆ ರಟ್ಟು ಅಡ್ಡ ಇಡಿ. ಇನ್ನೊಂದು ಮಾತು, ಹೆರಿಗೆಗೆ ಹೋಗುವ ಮೊದಲು ಎಲ್ಲ ತೆಗೆಸಿಬಿಡಿ. ಬೆರಳಿಗೆ ಹಾಕಿ ಆಮ್ಲಜನಕ ನೋಡುವ ಯಂತ್ರಕ್ಕೆ ಗಾಢ ಬಣ್ಣ ಅಡ್ಡಿಯಾಗಬಹುದು.

ಗದಗದಿಂದ

ಹೇಳುವುದು ಮರೆತಿದ್ದೆ. ಮನೆಯ ಸ್ಟೀಲ್ ವಾಟಗದಲ್ಲಿ ಮಾಡಬೇಡಿ. ಅಂಚಿಗೆ ಹತ್ತಿದ ಬಣ್ಣ ಕೆರೆದು ಕೆರೆದು ಅತ್ತೆಯವರ ಬಾಯಿಂದ ಏನೇನು ಕೇಳಿದೆ ಅಂತ ಇಲ್ಲಿ ಬರೆಯಲಾಗದು. ಚಹಾ ಅಂಗಡಿಯ ಪೇಪರ್ ಕಪ್ಪು ಸಾಕು. ಉಳಿದ ಪದರವನ್ನು ಕಾಗದದಿಂದ ಎತ್ತಿ ಕಸಕ್ಕೆ ಹಾಕಿ, ಬಚ್ಚಲಿಗೆ ಸುರಿಯಬೇಡಿ.

ಕೇಳಿದವರು, ಸೋಮವಾರ

ಎಲ್ಲರಿಗೂ ಶರಣು. ನೀರು ಬದಲಿಸಿದ ದಿನವೇ ಹನಿ ತೇಲಿತು. ನಾನು ಕೂಗಿದ್ದು ಕೇಳಿ ಅವ್ವ ಅಡಿಗೆಮನೆಯಿಂದ ಓಡಿಬಂದಳು. ಕೆಂಪು, ಬಿಳಿ ಎರಡೇ ಬಣ್ಣ ಇಟ್ಟುಕೊಂಡೆ, ಸೆರಗಿಗೆ ಹೊಂದಲಿ ಅಂತ. ಮೂರು ಬಣ್ಣಕ್ಕೆ ನನ್ನ ಕೈ ಸಾಲಲಿಲ್ಲ, ಮೂರನೇ ಬಾಟಲಿ ಎತ್ತುವುದರೊಳಗೆ ಒಣಗುತ್ತಿತ್ತು. ಟೇಪು, ಫೆವಿಕಾಲ್ ಎರಡೂ ನೋಡಿದೆ. ಅಕ್ಕಾರೆ, ಬೇಜಾರಾಗಬೇಡಿ, ಫೆವಿಕಾಲೇ ಗೆದ್ದಿತು. ಟೇಪಿನ ಅಂಚಿನೊಳಗೆ ನೀರು ನುಗ್ಗಿತ್ತು.

ಎಂಟು ಬೆರಳು ಚೆನ್ನಾಗಿ ಬಂದವು. ಒಂದನ್ನು ಅಳಿಸಿ ಮತ್ತೆ ಮಾಡಿದೆ. ಬಲಗೈ ಹೆಬ್ಬೆರಳಿನಲ್ಲಿ ಗಾಳಿಗುಳ್ಳೆ ಎದ್ದು ತೂತು ಬಿತ್ತು. ರಾತ್ರಿ ಹನ್ನೊಂದಾಗಿತ್ತು, ಮತ್ತೆ ಅದ್ದುವ ತ್ರಾಣ ಇರಲಿಲ್ಲ. ಕಡ್ಡಿ ತುದಿಯಿಂದ ತೂತಿನ ಮೇಲೆ ಒಂದು ಬಿಳಿ ಚುಕ್ಕೆ ಇಟ್ಟು ಸುಮ್ಮನಾದೆ. ಬೆಳಿಗ್ಗೆ ಅಕ್ಕ ಕೈ ತಿರುಗಿಸಿ ತಿರುಗಿಸಿ ನೋಡಿ, ಈ ಚುಕ್ಕೆ ಉಳಿದ ಬೆರಳಿಗೆ ಯಾಕೆ ಇಟ್ಟಿಲ್ಲ ಅಂತ ಕೇಳಿದಳು. ಇಟ್ಟೆ.