ಡಿಫ್ಯೂಷನ್‌ಗೆ ಯಾವ ಪದ: ಹರಡು, ಚದುರು, ಅಲೆ?

ಎಲ್ಲರಿಗೂ ನಮಸ್ಕಾರ.

ಗಂಗಾವತಿ ಹತ್ತಿರದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಮಕ್ಕಳ ಗೋಡೆಪತ್ರಿಕೆಗೆ ಸೂರ್ಯನ ಬಗ್ಗೆ ಬರೆಯಲು ಕೂತೆ. ಒಂದು ಪದದ ಹತ್ತಿರ ಬಂದು ನಿಂತುಬಿಟ್ಟಿದ್ದೇನೆ.

ಸೂರ್ಯನ ಮೈ ಒಲೆ ಮೇಲಿನ ಎಸರಿನ ಹಾಗೆ ಸದಾ ಕುದಿಯುತ್ತಿರುತ್ತದೆ. ಬಿಸಿ ಅನಿಲ ಮೇಲೆದ್ದು, ಅಗಲಕ್ಕೆ ಹರಿದು, ಆರಿ, ಅಂಚಿನಲ್ಲಿ ಕೆಳಗಿಳಿಯುತ್ತದೆ. ಇಂಥ ಒಂದು ಕುದಿಗೆ ಇಂಗ್ಲಿಷಿನಲ್ಲಿ ಗ್ರಾನ್ಯೂಲ್ ಅಂತಾರೆ. ಅಗಲ ಸುಮಾರು 1000 ಕಿ.ಮೀ., ಆಯಸ್ಸು ಐದು-ಹತ್ತು ನಿಮಿಷ. ‘ಕಣ’ ಅಂತ ಬರೆದು ನೋಡಿದೆ. ಕರ್ನಾಟಕದ ಉದ್ದಕ್ಕಿಂತ ದೊಡ್ಡದು ಕಣ ಹೇಗಾಗುತ್ತದೆ ಸರ್ ಅಂದಳು ಒಬ್ಬಳು. ನಮ್ಮ ಕಡೆ ಕಣ ಅಂದ್ರೆ ರಾಶಿ ಮಾಡುವ ಜಾಗ ಬೇರೆ! ಸದ್ಯಕ್ಕೆ ‘ಕುದಿಗುಳ್ಳೆ’ ಅಂತ ಇಟ್ಟುಕೊಂಡಿದ್ದೇನೆ.

ಗುಳ್ಳೆಗಳ ನಡುವಿನ ಇಕ್ಕಟ್ಟಾದ ಸಂದಿಗೆ ಪದ ಹುಡುಕಬೇಕಾಗಲಿಲ್ಲ. ಅದು ಓಣಿಯೇ. ಈ ಓಣಿಗಳಲ್ಲಿ ಕಾಂತಕ್ಷೇತ್ರ ಒತ್ತಾಗಿ ಸೇರಿ, ಸಣ್ಣ ಹೊಳೆಯುವ ಚುಕ್ಕಿಗಳಾಗಿ ಕಾಣುತ್ತದೆ. ಸುತ್ತಲ ಗುಳ್ಳೆಗಳು ಹುಟ್ಟಿ ಸಾಯುತ್ತಾ ಈ ಚುಕ್ಕಿಗಳನ್ನು ಆಚೆ ಈಚೆ ನೂಕುತ್ತಲೇ ಇರುತ್ತವೆ. ಹೀಗೆ ನೂಕಿಸಿಕೊಂಡು ಅವು ದೂರ ದೂರ ಹೋಗುತ್ತವಲ್ಲ, ಅದಕ್ಕೇ ಡಿಫ್ಯೂಷನ್ ಅನ್ನುವುದು. ಕನ್ನಡದಲ್ಲಿ ಏನನ್ನಬೇಕು?

ಪಠ್ಯಪುಸ್ತಕದಲ್ಲಿ ‘ವಿಸರಣೆ’ ಇದೆ. ಆದರೆ ಮಕ್ಕಳಿಗೆ ಅದು ಊದುಬತ್ತಿ ವಾಸನೆಯ ಪಾಠ, ಅಷ್ಟೇ. ‘ಪ್ರಸರಣ’ ಪತ್ರಿಕೆ, ಟಿವಿಯವರ ಪಾಲಾಗಿದೆ. ‘ಹಬ್ಬು’ ಅಂದರೆ ಬಳ್ಳಿಯ ನೆನಪು. ಬೇರು ಇದ್ದಲ್ಲೇ ಇರುತ್ತದೆ. ‘ಹರಡು’ ಅಂದರೆ ಗಾಳಿಸುದ್ದಿ, ಕೆಮ್ಮು: ಹರಡಿದಷ್ಟೂ ಹೆಚ್ಚುತ್ತದೆ. ಚುಕ್ಕಿಗಳು ನಡೆದಾಡಿದ ಮಾತ್ರಕ್ಕೆ ಹೆಚ್ಚುವುದಿಲ್ಲ. ‘ಹರವು’ ನನಗೆ ಇಷ್ಟದ ಮಾತು, ರಸ್ತೆ ಮೇಲೆ ಭತ್ತ ಹರವುತ್ತೇವಲ್ಲ ಹಾಗೆ. ಆದರೆ ಹರವಲು ಒಬ್ಬರು ಬೇಕು.

ಉಳಿದದ್ದು ‘ಅಲೆ’. ಒಂದು ಪಹಣಿ ತಿದ್ದುಪಡಿಗೆ ಹೋದ ವರ್ಷ ಒಂದು ಕಚೇರಿಗೆ ನಾನು ಅಲೆದದ್ದನ್ನು ಲೆಕ್ಕ ಹಾಕಿದರೆ ಮೈಲಿಗಟ್ಟಲೆ ಆಗುತ್ತದೆ. ಹೊರಟ ಜಾಗದಿಂದ ಎಷ್ಟು ಮುಂದೆ ಬಂದೆ ಅಂತ ಕೇಳಿದರೆ ಮಾತ್ರ ಉತ್ತರ ಇಲ್ಲ. ಲೆಕ್ಕದಲ್ಲೂ ಹೀಗೇ. ಗುರಿಯಿಲ್ಲದ ಅಲೆದಾಟದಲ್ಲಿ ಹೊತ್ತು ನಾಲ್ಕು ಪಟ್ಟಾದರೆ ದೂರ ಸರಾಸರಿ ಎರಡೇ ಪಟ್ಟು. 1964ರಲ್ಲಿ ಅಮೆರಿಕದ ಭೌತವಿಜ್ಞಾನಿ ರಾಬರ್ಟ್ ಲೈಟನ್, ಸೂರ್ಯನ ಮೈಮೇಲೆ ಕಾಂತಕ್ಷೇತ್ರ ದೂರಕ್ಕೆ ಹೋಗುವುದನ್ನು ಇಂಥ ಅಲೆದಾಟದಿಂದಲೇ ವಿವರಿಸಿದರು.

ಹಾಗಾಗಿ ನನ್ನ ಅನಿಸಿಕೆ: ಒಂದೇ ಪದದಲ್ಲಿ ಎಲ್ಲ ಹೇಳಲು ಹೋಗುವುದೇ ತಪ್ಪು. ಒಂದು ಚುಕ್ಕಿ ಅಲೆಯುತ್ತದೆ, ಅದರಿಂದಾಗಿ ಚುಕ್ಕಿಗಳ ಗುಂಪು ಚದುರುತ್ತದೆ. ‘ಚದುರುವಿಕೆ’ ಬೆಳಕಿನ ಪಾಠದಲ್ಲಿ ಬೇರೆ ಅರ್ಥಕ್ಕೆ ಇದೆ, ಗೊತ್ತು. ಆದರೂ ‘ಗುಂಪು ಚದುರಿತು’ ಅಂದರೆ ಯಾರಿಗೂ ಬೆಳಕು ನೆನಪಾಗಲ್ಲ, ಅಲ್ವಾ?

ಇನ್ನೂ ಒಂದು ತೊಡಕಿದೆ. ಅಳೆದು ನೋಡಿದರೆ ಈ ಚುಕ್ಕಿಗಳು ಎಷ್ಟೋ ಸಲ ಬರೀ ಅಲೆದಾಟಕ್ಕಿಂತ ಜಾಸ್ತಿ ದೂರ ಹೋಗಿರುತ್ತವೆ. ನಾಲ್ಕು ಪಟ್ಟು ಹೊತ್ತಿಗೆ ಎರಡು ಪಟ್ಟಿಗಿಂತ ಹೆಚ್ಚು, ನಾಲ್ಕು ಪಟ್ಟಿಗಿಂತ ಕಡಿಮೆ. ಸುಮಾರು 30,000 ಕಿ.ಮೀ. ಅಗಲದ, ಒಂದು ದಿನದಷ್ಟು ಬಾಳುವ ದೊಡ್ಡ ಹರಿವುಗಳೂ ಇವೆ. ಅವು ಚುಕ್ಕಿಗಳನ್ನು ಒಂದೇ ಸಮನೆ ತಮ್ಮ ಅಂಚಿಗೆ ಸೆಳೆದೊಯ್ಯುತ್ತವೆ. ಅಂದರೆ ಅರ್ಧ ಅಲೆದಾಟ, ಅರ್ಧ ತೇಲಾಟ. ಇಂಗ್ಲಿಷಿನ ಸೂಪರ್‌ಡಿಫ್ಯೂಷನ್ ಇದೇ. ‘ಅತಿವಿಸರಣೆ’ ಅಂತ ಬರೆದರೆ ಮಕ್ಕಳು ಪುಟ ಮುಚ್ಚುತ್ತಾರೆ.

ಕಾಲುವೆ ನೀರಲ್ಲಿ ಹೊಟ್ಟು ಸುತ್ತಿ ಸುಳಿದು, ಹಾಗೇ ಸೆಳವಿಗೂ ಸಿಕ್ಕು ದೂರ ಹೋಗುತ್ತದಲ್ಲ, ಅದಕ್ಕೆ ರಾಯಚೂರು, ಬಳ್ಳಾರಿ ಕಡೆಯ ರೈತರು ಏನಂತಾರೆ? ಒಂದೇ ಮಾತಿದ್ದರೆ ದಯವಿಟ್ಟು ತಿಳಿಸಿ. ಸೋಮವಾರ ಪತ್ರಿಕೆ ಅಂಟಿಸಬೇಕು.